ಸುಣ್ಣದ ನೀರಿನಲ್ಲಿ ಬೆಂದ ಜೋಳ

ಒಂದು ಧಾನ್ಯವು ಸಮುದ್ರವನ್ನು ದಾಟಿ ಪರದೇಶಕ್ಕೆ ಹೋದಾಗ, ಅದನ್ನು ಹಸನುಮಾಡುವ ವಿಧಾನವೂ ಅದರ ಬೆನ್ನುಹಿಡಿದು ಹೋಗುವುದೆಂಬ ನಿಯಮವಿಲ್ಲ. ಹೋಗದಿದ್ದರೆ ಆಗುವ ಅನರ್ಥಕ್ಕೆ ಮುಸುಕಿನ ಜೋಳದ ಚರಿತ್ರೆಗಿಂತ ದಾರುಣವಾದ ನಿದರ್ಶನವು ದೊರೆಯುವುದು ಕಷ್ಟ.

ಉತ್ತರ ಕರ್ಣಾಟಕದಲ್ಲಿ ಗೋವಿನಜೋಳವೆನಿಸಿಕೊಳ್ಳುವ ಈ ಧಾನ್ಯದ ತವರು ಮೆಕ್ಸಿಕೋ ದೇಶ. ಅಲ್ಲಿಯ ಬಾಲ್ಸಾಸ್ ನದಿಯ ಕಣಿವೆಯಲ್ಲಿ ಸುಮಾರು 9,000 ವರ್ಷಗಳ ಹಿಂದೆ ತೆಯೊಸಿಂತೆ ಎಂಬ ಕಾಡುಹುಲ್ಲನ್ನು ಪಳಗಿಸಿ ಇದನ್ನು ಪಡೆದರು. ಕಾಳಿನ ಸಿಪ್ಪೆಯು ಬಲು ಗಟ್ಟಿ. ಅದನ್ನು ಬಿಡಿಸುವುದಕ್ಕೆ ಆ ಸೀಮೆಯ ಹೆಂಗಸರು ಕಂಡುಕೊಂಡ ಉಪಾಯವು ಮೂರು ಸಾವಿರ ವರ್ಷಗಳಿಗೂ ಹಳೆಯದೆಂದು ತಿಳಿದವರ ಎಣಿಕೆ. ಸುಣ್ಣವನ್ನಾಗಲಿ ಬೂದಿಯನ್ನಾಗಲಿ ಕದಡಿದ ನೀರಿನಲ್ಲಿ ಕಾಳನ್ನು ಬೇಯಿಸಿ, ರಾತ್ರಿಯೆಲ್ಲ ಹಾಗೆಯೇ ನೆನೆಯಿಟ್ಟು, ಬೆಳಗಿನ ಜಾವದಲ್ಲಿ ತೊಳೆದು ಸಿಪ್ಪೆಯನ್ನು ಕಳೆಯುವರು. ಸುಣ್ಣವು ಕಾಳಿನ ತೂಕದಲ್ಲಿ ನೂರಕ್ಕೆ ಒಂದರ ಆಸುಪಾಸಿನಲ್ಲಿದ್ದರೆ ಸಾಕು. ತಾಂಬೂಲವನ್ನು ಬಲ್ಲವರಿಗೆ ಇದರ ಮಿತಿಯನ್ನು ವಿವರಿಸಬೇಕಾದುದಿಲ್ಲ. ಹೀಗೆ ಸಿದ್ಧವಾದ ಕಾಳಿಗೆ ನಹುವಾತ್ಲ್ ಭಾಷೆಯಿಂದ ಬಂದ ಹೆಸರು ನಿಶ್ತಮಲ್. ಆ ಪದದ ಪೂರ್ವಾರ್ಧಕ್ಕೆ ಬೂದಿಯೆಂದೇ ಅರ್ಥ.

ಮೆತಾತೆ ಎಂಬ ಇಳಿಜಾರಾದ ಕಲ್ಲಿನ ಮುಂದೆ ಮಂಡಿಯೂರಿ ಕುಳಿತು ಇದನ್ನು ಅರೆಯಬೇಕು. ಒಂದು ಸಂಸಾರದ ಹಿಟ್ಟಿಗೆ ದಿನವೂ ನಾಲ್ಕೈದು ಗಂಟೆಗಳ ದುಡಿಮೆ. ಯಂತ್ರದ ಗಿರಣಿಗಳು ಬರುವವರೆಗೂ ಮೆಕ್ಸಿಕೋದ ಹೆಣ್ಣಿನ ಆಯುಷ್ಯದಲ್ಲಿ ಎಷ್ಟೋ ಪಾಲು ಈ ಕಲ್ಲಿನ ಮುಂದೆಯೇ ಸವೆಯಿತು. ಹಿಟ್ಟನ್ನು ತಟ್ಟಿ ಎಣ್ಣೆಯಿಲ್ಲದ ಹೆಂಚಿನ ಮೇಲೆ ಬೇಯಿಸಿದರೆ ತೋರ್ತಿಯಾ. ಜೋಳದ ಮುಸುಕಿನಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದರೆ ತಮಾಲೆ. ಕರಾವಳಿಯ ಎಲೆಗಡುಬನ್ನು ಕಂಡವರಿಗೆ ಇದು ಅಪರಿಚಿತವೆನಿಸದು.

ಸುಣ್ಣವು ಸಿಪ್ಪೆಯನ್ನು ಕಳೆಯುವುದಷ್ಟೇ ಅಲ್ಲದೆ ಕಣ್ಣಿಗೆ ಕಾಣದ ಇನ್ನೊಂದು ಉಪಕಾರವನ್ನೂ ಮಾಡುತ್ತಿತ್ತು. ಜೋಳದಲ್ಲಿ ನಯಾಸಿನ್ ಎಂಬ ಜೀವಸತ್ವವುಂಟು. ಆದರೆ ಅದು ಬೇರೆ ಪದಾರ್ಥಗಳೊಡನೆ ಬಿಗಿದುಕೊಂಡಿರುವುದರಿಂದ ಕರುಳು ಅದನ್ನು ಹೀರಿಕೊಳ್ಳಲಾರದು. ಕ್ಷಾರವು ಆ ಕಟ್ಟನ್ನು ಬಿಚ್ಚುತ್ತದೆ. ಜೊತೆಗೆ ಎಲುಬಿಗೆ ಬೇಕಾದ ಕ್ಯಾಲ್ಸಿಯಮ್ಮೂ ಸೇರುತ್ತದೆ. ಮಿಲ್ಪಾ ಎಂಬ ಹೊಲದಲ್ಲಿ ಜೋಳದ ದಂಟಿಗೆ ಹುರುಳಿಕಾಯಿಯ ಬಳ್ಳಿಯನ್ನು ಹಬ್ಬಿಸಿ, ಕೆಳಗೆ ಕುಂಬಳವನ್ನು ಹರಡಿಸುತ್ತಿದ್ದರು. ಜೋಳದ ಸಸಾರಜನಕದಲ್ಲಿರುವ ಕೊರತೆಯನ್ನು ಕಾಳು ತುಂಬುತ್ತಿತ್ತು.

ಕೊಲಂಬಸನ ಯಾತ್ರೆಗಳ ತರುವಾಯ ಜೋಳವು ಯೂರೋಪಿಗೆ ಹೋಯಿತು. ಸುಣ್ಣದ ಮಡಕೆ ಹೋಗಲಿಲ್ಲ. ಅಲ್ಲಿ ನೀರಿನಿಂದ ತಿರುಗುವ ಬೀಸುವ ಕಲ್ಲುಗಳಿದ್ದುವು. ಒಣಕಾಳೇ ಹಿಟ್ಟಾಗುತ್ತಿದ್ದಾಗ ನೆನೆಯಿಡುವ ಗೊಡವೆ ಯಾರಿಗೆ ಬೇಕು? ಬಡವರು ಮೂರು ಹೊತ್ತೂ ಅದರ ಗಂಜಿಯನ್ನೇ ಉಂಡರು. 1735ರಲ್ಲಿ ಸ್ಪೇನಿನ ಓವಿಯೆದೊ ನಗರದ ವೈದ್ಯ ಗಾಸ್ಪಾರ್ ಕಸಾಲನು ಬಡ ರೈತರಲ್ಲಿ ಹೊಸದೊಂದು ರೋಗವನ್ನು ಗುರುತಿಸಿದನು: ಬಿಸಿಲು ಬಿದ್ದೆಡೆ ಚರ್ಮವು ಕೆಂಪಾಗಿ ಬಿರಿಯುವುದು, ಅತಿಸಾರ, ಬಳಿಕ ಬುದ್ಧಿಭ್ರಮೆ, ಕಡೆಗೆ ಮರಣ. 1771ರಲ್ಲಿ ಇಟಲಿಯ ಫ್ರಪೊಲ್ಲಿಯು ಅದನ್ನು ಪೆಲ್ಲಾಗ್ರ, ಎಂದರೆ ಒರಟು ಚರ್ಮ, ಎಂಬ ಹೆಸರಿನಿಂದ ವರ್ಣಿಸಿದನು. ಬೂಸಲು ಹಿಡಿದ ಜೋಳದ ವಿಷವೆಂದು ಕೆಲವರು, ಅಂಟುರೋಗವೆಂದು ಕೆಲವರು ನೂರು ವರ್ಷಕ್ಕೂ ಮಿಕ್ಕಿ ವಾದಿಸಿದರು. ಜೋಳದ ತವರಿನಲ್ಲಿ ಅದನ್ನೇ ಉಣ್ಣುವವರಿಗೆ ಈ ರೋಗವು ಅಪರೂಪವೇಕೆಂದು ಬೇಗನೆ ಕೇಳಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದುವು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ಪಿಡುಗು ಅಮೆರಿಕದ ದಕ್ಷಿಣ ಸಂಸ್ಥಾನಗಳನ್ನು ಹೊಕ್ಕಿತು. 1914ರಲ್ಲಿ ಸರಕಾರವು ಜೋಸೆಫ್ ಗೋಲ್ಡ್‌ಬರ್ಗರನನ್ನು ಅಲ್ಲಿಗೆ ಕಳುಹಿಸಿತು. ಅನಾಥಾಲಯಗಳಲ್ಲಿ ಮಕ್ಕಳು ಬೀಳುತ್ತಿದ್ದರೂ ಅವರ ಶುಶ್ರೂಷೆ ಮಾಡುವವರಿಗೆ ರೋಗ ತಗಲದಿದ್ದುದನ್ನು ಅವನು ಗಮನಿಸಿದನು. ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಕೊಡಿಸಿದೊಡನೆ ಮಕ್ಕಳು ಗುಣಹೊಂದಿದರು. ಅಂಟುರೋಗವೆನ್ನುವವರು ಆಗಲೂ ಒಪ್ಪಲಿಲ್ಲ. 1916ರಲ್ಲಿ ಅವನೂ ಅವನ ಸಂಗಡಿಗರೂ ರೋಗಿಗಳ ರಕ್ತವನ್ನು ತಮಗೇ ಚುಚ್ಚಿಸಿಕೊಂಡರು. ಅವನ ಹೆಂಡತಿ ಮೇರಿಯೂ ಚುಚ್ಚಿಸಿಕೊಂಡಳು. ಯಾರಿಗೂ ರೋಗ ಬರಲಿಲ್ಲ. ಕೊರತೆಯಾದ ವಸ್ತು ಯಾವುದೆಂಬುದು ತಿಳಿಯುವ ಮೊದಲೇ 1929ರಲ್ಲಿ ಅವನು ತೀರಿಕೊಂಡನು. 1937ರಲ್ಲಿ ಎಲ್ವೆಯೆಮ್ ಎಂಬಾತನು ಅದು ನಯಾಸಿನ್ ಎಂದು ತೋರಿಸಿದನು. ಸುಣ್ಣದಲ್ಲಿ ಬೆಂದ ಜೋಳವನ್ನು ತಿಂದ ಇಲಿಗಳು ಹಸಿಯ ಜೋಳವನ್ನು ತಿಂದವುಗಳಿಗಿಂತ ಚೆನ್ನಾಗಿ ಬೆಳೆಯುವುವೆಂದು ಲಗೂನಾ ಮತ್ತು ಕಾರ್ಪೆಂಟರ್ ಪ್ರಕಟಿಸಿದ್ದು 1951ರಲ್ಲಿ.

ಮೆಕ್ಸಿಕೋದ ಅಡಿಗೆಯನ್ನು ಜಿಡ್ಡಿನದೆಂದು ಹಳಿಯುವವರು ಈ ಚರಿತ್ರೆಯನ್ನು ಅರಿತಂತೆ ಕಾಣುವುದಿಲ್ಲ. ಹಂದಿಯ ಕೊಬ್ಬು, ಗಿಣ್ಣು, ಸಕ್ಕರೆ, ಗೋದಿ ಇವೆಲ್ಲವೂ ಸ್ಪೇನಿನವರೊಡನೆ ಬಂದುವು. ಕರಿದ ತೋರ್ತಿಯಾದ ಮೇಲೆ ಗಿಣ್ಣನ್ನು ಸುರಿಯುವುದು ಬಹುಮಟ್ಟಿಗೆ ಗಡಿಯಾಚೆಯ ಅಮೆರಿಕದ ರೂಢಿ. ಮೆಕ್ಸಿಕೋದಲ್ಲಿಯೂ ಸಿಹಿಪಾನೀಯಗಳ ಹಾವಳಿ ಹೆಚ್ಚಿ, ಸರಕಾರವು 2014ರಲ್ಲಿ ಅವುಗಳ ಮೇಲೆ ಲೀಟರಿಗೆ ಒಂದು ಪೇಸೊ ತೆರಿಗೆಯನ್ನು ವಿಧಿಸಿತು. 2020ರಿಂದ ಸಕ್ಕರೆ, ಉಪ್ಪು, ಕೊಬ್ಬು ಮೀರಿದ ಪೊಟ್ಟಣಗಳ ಮೇಲೆ ಕಪ್ಪು ಎಂಟುಮೂಲೆಯ ಮುದ್ರೆ ಕಡ್ಡಾಯವಾಯಿತು. ಹಳೆಯ ಊಟವಾದರೋ ಹೆಂಚಿನ ರೊಟ್ಟಿ, ಕೊಬ್ಬಿನಲ್ಲಿ ಹುರಿಯದೆ ಬೇಯಿಸಿದ ಕಾಳು, ಕುಂಬಳ, ಟೊಮೆಟೊ ಮೆಣಸಿನಕಾಯಿಗಳ ಚಟ್ನಿ, ಮುಳ್ಳು ಹೆರೆದ ಪಾಪಾಸುಕಳ್ಳಿಯ ಪಲ್ಯ. ಆರೋಗ್ಯವನ್ನು ಬಯಸಿ ಈ ಅಡಿಗೆಯನ್ನು ಮಾಡುವವರಿಗೆ ಇದಕ್ಕಿಂತ ಹೊಸ ಪಥ್ಯವು ಬೇಕಾಗಿಲ್ಲ.

ಹಿಟ್ಟನ್ನು ಮಾತ್ರ ನೋಡಿ ಕೊಳ್ಳಬೇಕು. ಸುಣ್ಣದ ಸಂಸ್ಕಾರವಾದ ಹಿಟ್ಟಿಗೆ ಮಾಸಾ ಎಂದು ಹೆಸರು. ಪೊಟ್ಟಣದ ಮೇಲೆ ಸುಣ್ಣದ ಉಲ್ಲೇಖವಿರುತ್ತದೆ. ಅದು ಬರಿಯ ನೀರಿನಲ್ಲಿ ಕಲಸಿದರೂ ಅಂಟಿಕೊಂಡು ತೆಳ್ಳಗೆ ತಟ್ಟಲು ಒದಗುವುದು. ಸಂಸ್ಕಾರವಿಲ್ಲದ ಜೋಳದ ಹಿಟ್ಟು ತಟ್ಟುತ್ತಿದ್ದಂತೆಯೇ ಅಂಚಿನಲ್ಲಿ ಒಡೆಯುವುದು.