ಬೆಳಕನ್ನು ಅರ್ಧಕ್ಕೆ ತಡೆದ ಗಾಜು

ಗಾಜೆಂದರೆ ಆಚೆಗಿರುವುದು ಕಾಣಬೇಕು ಎಂಬುದು ಎಲ್ಲರ ನಿರೀಕ್ಷೆ. ನೀರಿನಷ್ಟು ತಿಳಿಯಾದ ಗಾಜು ತಯಾರಿಸಲು ಯೂರೋಪಿನ ಕುಶಲಕರ್ಮಿಗಳು ಶತಮಾನಗಳ ಕಾಲ ಹೆಣಗಿದರು. ಅದು ಕೈಗೂಡಿದ ಮೇಲೆ, 19ನೇ ಶತಮಾನದ ಮೊದಲ ದಶಕಗಳಲ್ಲಿ, ಫ್ರಾನ್ಸಿನ ಕಾರ್ಖಾನೆಗಳು ಬೇಕೆಂದೇ ಅದನ್ನು ಮಸುಕಾಗಿಸಿದವು! ಹಾಗೆ ಬಂದದ್ದು ‘ಓಪಲೈನ್’ ಗಾಜು.

ಸೀಸ ಬೆರೆತ ಗಾಜಿನ ಪಾಕಕ್ಕೆ ಸುಟ್ಟ ಮೂಳೆಯ ಬೂದಿಯಂಥ ವಸ್ತುಗಳನ್ನು ಸೇರಿಸುತ್ತಿದ್ದರು. ಪಾಕ ಆರಿದಾಗ ಒಳಗೆ ಉಳಿಯುವ ಅತಿ ಸಣ್ಣ ಕಣಗಳು ಬೆಳಕನ್ನು ಚದುರಿಸುತ್ತವೆ. ಆದ್ದರಿಂದ ಬಿಳಿ ಓಪಲೈನ್ ಎದುರಿನಿಂದ ನೋಡಿದರೆ ತೆಳು ನೀಲಿ. ದೀಪಕ್ಕೆ ಅಡ್ಡ ಹಿಡಿದರೆ ಕೆಂಡದ ಬಣ್ಣ. ಒಲೆಯ ಹೊಗೆ ಗವಾಕ್ಷಿಯ ಬಿಸಿಲಲ್ಲಿ ನೀಲಿಯಾಗಿ ತೋರುವುದೂ ಇದೇ ಕಾರಣಕ್ಕೆ. ಹಸಿರುನೀಲಿ, ಗುಲಾಬಿ ಬಣ್ಣಗಳೂ ಇದ್ದವು. ಫ್ರೆಂಚರು ‘ಪಾರಿವಾಳದ ಕತ್ತು’ ಎಂದು ಕರೆದ ಗುಲಾಬಿ ಛಾಯೆಗೆ ಸಂಗ್ರಾಹಕರಲ್ಲಿ ಇಂದಿಗೂ ಬೇಡಿಕೆ ಹೆಚ್ಚು.

ಹೂದಾನಿ, ಅತ್ತರಿನ ಸೀಸೆ, ಆಭರಣದ ಕರಡಿಗೆ ಮುಂತಾದವನ್ನು ಪ್ಯಾರಿಸ್ಸಿನ ಪಲೇ ರಾಯಲ್ ಅಂಗಡಿಗಳು ಸಿರಿವಂತರಿಗೆ ಮಾರುತ್ತಿದ್ದವು. ಅವುಗಳ ಅಂಚಿಗೆ ಚಿನ್ನದ ಗಿಲೀಟಿನ ಕಂಚಿನ ಕಟ್ಟು. ಈ ಗಿಲೀಟಿನ ವಿಧಾನ ಮಾತ್ರ ಭಯಂಕರವಾಗಿತ್ತು. ಚಿನ್ನವನ್ನು ಪಾದರಸದೊಂದಿಗೆ ಬೆರೆಸಿ, ಕಂಚಿಗೆ ಬಳಿದು, ಬೆಂಕಿಗೆ ಹಿಡಿಯುತ್ತಿದ್ದರು. ಚಿನ್ನ ಕಂಚಿನ ಮೇಲೆ ಉಳಿಯುತ್ತಿತ್ತು. ಪಾದರಸದ ಆವಿ ಕೆಲಸಗಾರನ ಉಸಿರು ಸೇರುತ್ತಿತ್ತು. ಕೈ ನಡುಗುವುದು, ಹಲ್ಲು ಉದುರುವುದು, ಕಡೆಗೆ ಅಕಾಲ ಮರಣ. ಕಂಚಿನ ಸಾಮಾನುಗಳಿಗೇ ಹೆಸರಾಗಿದ್ದ ರಾವ್ರಿಯೊ 1814ರಲ್ಲಿ ತೀರಿಕೊಂಡಾಗ, ಈ ವಿಷದಿಂದ ಕಾರ್ಮಿಕರನ್ನು ಪಾರುಮಾಡುವವರಿಗೆಂದು 3,000 ಫ್ರಾಂಕ್ ಬಹುಮಾನ ಬರೆದಿಟ್ಟಿದ್ದ. ಇಂಥ ಮಾಲೀಕರು ಆಗಲೂ ವಿರಳವೇ. ಆವಿಯನ್ನು ಚಿಮಣಿಗೆ ಸೆಳೆಯುವ ಒಲೆ ರೂಪಿಸಿದ ರಸಾಯನ ವಿಜ್ಞಾನಿ ದಾರ್ಸೆಗೆ 1818ರಲ್ಲಿ ಅದು ಸಂದಿತು. ಆದರೂ ಪಾದರಸ ಹಿಂದೆ ಸರಿಯತೊಡಗಿದ್ದು 1840ರ ದಶಕದಲ್ಲಿ ವಿದ್ಯುತ್ ಲೇಪನ ಬಂದ ಮೇಲೆಯೇ.

ಇನ್ನು ಗಾಜು ತಯಾರಕರ ವಿಷಯ. ಬಕಾರಾ, ಸೇಂಟ್ ಲೂಯಿ, ಲ ಕ್ರೂಜೊ ಕಾರ್ಖಾನೆಗಳು ಓಪಲೈನ್‌ಗೆ ಪ್ರಸಿದ್ಧವಾಗಿದ್ದವು. ಲ ಕ್ರೂಜೊದ್ದು ಹಿಂದೆ ರಾಣಿ ಮೇರಿ ಆಂಟನೆಟ್‌ಳ ಆಶ್ರಯ ಪಡೆದಿದ್ದ ಕಾರ್ಖಾನೆ. 1832ರಲ್ಲಿ ಉಳಿದೆರಡೂ ಸೇರಿ ಅದನ್ನು ಕೊಂಡು ಬಾಗಿಲು ಮುಚ್ಚಿಸಿದವು. ಪೈಪೋಟಿ ತಪ್ಪಿತು. 3ನೇ ನೆಪೋಲಿಯನ್ ಆಳಿದ ಕಾಲಕ್ಕೆ (1852-70) ಓಪಲೈನ್ ಮಧ್ಯಮ ವರ್ಗದ ಮನೆಗಳಿಗೂ ಬಂತು. ಅಚ್ಚಿನಲ್ಲಿ ಒತ್ತಿದ ಅಗ್ಗದ ಸರಕು ಹೆಚ್ಚಿತು. ಮೊದಲಿನ ತೂಕ, ನಯ ಅದಕ್ಕೆಲ್ಲಿ?

ಲ ಕ್ರೂಜೊದ ಕಟ್ಟಡ ಮುಂದೆ ಷ್ನೈಡರ್ ಎಂಬ ಉಕ್ಕಿನ ಉದ್ಯಮಿಗಳ ನಿವಾಸವಾಯಿತು. ಗಾಜು ಕರಗಿಸುತ್ತಿದ್ದ ಶಂಕುವಿನಾಕಾರದ ಎರಡು ಕುಲುಮೆಮನೆಗಳು ಅಂಗಳದಲ್ಲಿ ಈಗಲೂ ಇವೆ. ಒಂದನ್ನು ಆ ಮನೆತನದವರು ಪುಟ್ಟ ನಾಟಕಶಾಲೆ ಮಾಡಿಕೊಂಡರು.