ದ್ರಾವಿಡ ಸೈನಿಕನ ಮೈಮೇಲೆ ಯಾರ ಕವಚ?

ಮಣಿಪಾಲದ ಹಾಸ್ಟೆಲುಗಳಲ್ಲಿ ರಾತ್ರಿ ಊಟವಾದ ಮೇಲೆ ದಿನಕ್ಕೆ ನಾಲ್ಕಾರು ಸಾಮ್ರಾಜ್ಯಗಳು ಹುಟ್ಟಿ ಮುಳುಗುತ್ತವೆ. 1999ರಲ್ಲಿ ಬಂದ 'ಏಜ್ ಆಫ್ ಎಂಪೈರ್ಸ್' ಎರಡನೆಯ ಆಟವನ್ನು, ಅದು ಬಂದಾಗ ಇನ್ನೂ ಹುಟ್ಟಿರದ ಹುಡುಗರು ಈಗ ಆಡುತ್ತಿದ್ದಾರೆ. ನನ್ನ ಅಕ್ಕನ ಮಗನೂ ಅವರಲ್ಲೊಬ್ಬ. ಅವನು ಒಮ್ಮೆ ಕೇಳಿದ ಪ್ರಶ್ನೆ ಈ ಬರಹಕ್ಕೆ ಕಾರಣ: "ಮಾಮ, ನಮ್ಮ ಊರಿನ ಸೈನಿಕರು ಹೀಗೇ ಇದ್ರಾ?"

'ನಮ್ಮ ಊರಿನವರು' ಎಂದು ಅವನು ತೋರಿಸಿದ್ದು ಆಟದ ದ್ರಾವಿಡರನ್ನು. ಮೊದಲು ಭಾರತಕ್ಕೆಲ್ಲ ಒಂದೇ ಗುಂಪಿತ್ತು. 2022ರಲ್ಲಿ ಬಂದ 'ಡೈನಾಸ್ಟೀಸ್ ಆಫ್ ಇಂಡಿಯಾ' ಅದನ್ನು ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಎಂದು ನಾಲ್ಕಾಗಿ ಒಡೆಯಿತು. ದ್ರಾವಿಡರ ಕಥಾನಾಯಕ ರಾಜೇಂದ್ರ ಚೋಳ. ಸೈನಿಕರು ಆಡುವ ಮಾತು ತಮಿಳು. ಬಾರ್ಕೂರಿನ ಆಳುಪರು, ಕಾರ್ಕಳದ ಭೈರರಸರು, ಹಂಪಿಯ ರಾಯರು ಎಲ್ಲರೂ ಈ ಒಂದು ಹೆಸರಿನ ಕೆಳಗೆ ಸೇರಿಕೊಳ್ಳಬೇಕು. ಭಾಷೆಯ ಲೆಕ್ಕ ಹಾಗಿರಲಿ. ನಾನಿಲ್ಲಿ ನೋಡಬೇಕೆಂದಿರುವುದು ಅವರ ಕೈಯಲ್ಲಿ ಏನಿದೆ, ಮೈಮೇಲೆ ಏನಿದೆ ಎಂಬುದನ್ನು.

ಮೊದಲು ಆಟ ಸರಿಯಾಗಿ ಹಿಡಿದದ್ದನ್ನು ಹೇಳಬೇಕು. ಯುರೋಪಿನ ಗುಂಪುಗಳಿಗಿರುವ ನೈಟ್, ಅಂದರೆ ಲೋಹದ ಕವಚ ತೊಟ್ಟ ಭಾರೀ ಸವಾರ, ದ್ರಾವಿಡರಿಗಿಲ್ಲ. ಕರಾವಳಿಯ ಮಟ್ಟಿಗೆ ಇದು ಒಪ್ಪುವ ಮಾತು. 1342ರ ಸುಮಾರಿಗೆ ಈ ತೀರದಲ್ಲಿ ಹಾದುಹೋದ ಇಬ್ನ್ ಬತೂತ, ಗೋವೆಯಿಂದ ಕೊಲ್ಲಂವರೆಗಿನ ನಾಡಿನಲ್ಲಿ ಜನ ಪ್ರಾಣಿಗಳ ಮೇಲೆ ಸವಾರಿ ಮಾಡುವುದಿಲ್ಲ, ಕುದುರೆ ಇರುವುದು ಅರಸನೊಬ್ಬನಿಗೇ ಎಂದು ಬರೆದಿದ್ದಾನೆ. ಕಾಪುವಿನಿಂದ ಕಾರ್ಕಳದವರೆಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಕಾರಣ ತಾನಾಗಿ ತಿಳಿಯುತ್ತದೆ. ಹೊಳೆ, ಕೆಸರುಗದ್ದೆ, ಗುಡ್ಡ, ಮತ್ತೆ ಹೊಳೆ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ. ಘಟ್ಟದ ಮೇಲಿನ ವಿಜಯನಗರಕ್ಕೆ ಕುದುರೆಗಳು ಅರಬಸ್ತಾನ, ಹೊರ್ಮುಜ್‌ಗಳಿಂದ ಹಡಗಿನಲ್ಲಿ ಬಂದು ಭಟ್ಕಳದಂಥ ಬಂದರುಗಳಲ್ಲಿ ಇಳಿದು ಮೇಲೆ ಹೋಗುತ್ತಿದ್ದವು. ಕರಾವಳಿ ಅವುಗಳಿಗೆ ಹಾದಿ ಮಾತ್ರವಾಗಿತ್ತು. ಇಲ್ಲಿನ ಬಲ ಕಾಲಾಳುಗಳದ್ದು, ದೋಣಿಗಳದ್ದು. ಬಾರ್ಕೂರಿನ ಅರಸನಿಗೆ ಸುಮಾರು ಮೂವತ್ತು ಯುದ್ಧನೌಕೆಗಳಿದ್ದವು ಎಂದೂ ಬತೂತ ಹೇಳುತ್ತಾನೆ. ದ್ರಾವಿಡರಿಗೆ 'ತಿರಿಸಡೈ' ಎಂಬ ದೊಡ್ಡ ಯುದ್ಧನೌಕೆ ಕೊಟ್ಟದ್ದರಲ್ಲಿ ಅಷ್ಟರಮಟ್ಟಿಗೆ ತಪ್ಪಿಲ್ಲ.

ಆಟದಲ್ಲಿ ಕಣ್ಣು ಸೆಳೆಯುವವನು ಉರುಮಿ ಹಿಡಿದ ಯೋಧ. ಉರುಮಿ ಕೇರಳದ ಕಳರಿಪಯಟ್ಟಿನ ಆಯುಧ. ಸೊಂಟಕ್ಕೆ ಸುತ್ತಿಕೊಳ್ಳಬಹುದಾದ, ಚಾಟಿಯಂತೆ ಬೀಸುವ ತೆಳು ಪಟ್ಟಿ. ಅದರ ಗುಣವೇ ಅದರ ಮಿತಿ. ಬೀಸುವವನ ಸುತ್ತ ಜಾಗ ಬೇಕು. ಭುಜಕ್ಕೆ ಭುಜ ತಾಗಿಸಿ ನಿಂತ ಸಾಲಿನಲ್ಲಿ ಅದನ್ನು ಬೀಸಿದರೆ ಮೊದಲು ಗಾಯವಾಗುವುದು ಪಕ್ಕದಲ್ಲಿರುವ ತನ್ನವನಿಗೆ. ಒಂಟಿಯಾಗಿ ಹಲವರನ್ನು ಎದುರಿಸುವವನಿಗೆ, ಅಂಕಕ್ಕಿಳಿದವನಿಗೆ ಅದು ಹೊಂದುತ್ತದೆ. ಆಟದಲ್ಲಿ ನಲವತ್ತು ಮಂದಿ ಉರುಮಿಯವರು ಒತ್ತೊತ್ತಾಗಿ ನುಗ್ಗುವುದು ನೋಡಲು ಚೆಂದ, ಅಷ್ಟೆ.

ಆದರೂ ಉರುಮಿ ನನಗೆ ದೊಡ್ಡ ತಕರಾರಾಗಿ ಕಾಣುವುದಿಲ್ಲ. ತಕರಾರು ಇರುವುದು ಆಟದ ಕಮ್ಮಾರಸಾಲೆಯಲ್ಲಿ, ಯಾರೂ ಅಷ್ಟಾಗಿ ಗಮನಿಸದ ಕಡೆ. ಅಲ್ಲಿ ಕವಚಗಳಿಗೊಂದು ಏಣಿಯಿದೆ. ಕಾಲಾಳುಗಳಿಗೆ ಮೊದಲು ಲೋಹದ ಹುರುಪೆಗಳ ಅಂಗಿ, ಆಮೇಲೆ ಸರಪಳಿ ಅಂಗಿ, ಕೊನೆಗೆ ತಗಡಿನ ಕವಚ. ಬಿಲ್ಲಾಳುಗಳಿಗೆ ಮೊದಲು ದಪ್ಪ ಬಟ್ಟೆಯ ಮೆತ್ತೆ, ಆಮೇಲೆ ತೊಗಲು, ಕೊನೆಗೆ ಲೋಹದ ಬಳೆಗಳು. ಈ ಏಣಿ ಯುರೋಪಿನದು. ಅಲ್ಲಿನ ಚಳಿ, ಅಲ್ಲಿನ ಭಾರೀ ಸವಾರರ ಡಿಕ್ಕಿ, ಅಲ್ಲಿನ ಕಮ್ಮಾರರ ಕಸುಬು ಸೇರಿ ಕಟ್ಟಿದ್ದು. ಆಟ ಅದನ್ನು ಲೋಕಕ್ಕೆಲ್ಲ ಒಂದೇ ಎಂಬಂತೆ ಹಂಚುತ್ತದೆ. ಆ ಏಣಿಯಲ್ಲಿ ಬಟ್ಟೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಬರಿಮೈ ಇನ್ನೂ ಕೆಳಗೆ.

ಈಗ ವಿಜಯನಗರದ ಸೇನೆಯನ್ನು ನೋಡಿ. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನುನಿಜ್ 1530ರ ದಶಕದಲ್ಲಿ, ಕೃಷ್ಣದೇವರಾಯ 1520ರಲ್ಲಿ ರಾಯಚೂರಿಗೆ ದಂಡೆತ್ತಿ ಹೋದದ್ದನ್ನು ಬರೆದ. ಅವನ ಪ್ರಕಾರ ಬಿಲ್ಲಾಳುಗಳೂ ಕೋವಿಯವರೂ ತೊಟ್ಟದ್ದು ಹೊಲಿದ ಮೆತ್ತೆಯಂಗಿ. ಸವಾರರ ತಲೆಯ ಮೇಲಿದ್ದದ್ದೂ ಹತ್ತಿ ತುಂಬಿ ಹೊಲಿದ ಶಿರಸ್ತ್ರಾಣ. ಆನೆಗಳ ಮೈಗೆ ಹೊದಿಕೆ, ದಂತಕ್ಕೆ ಹರಿತವಾದ ಕತ್ತಿಗಳು. ಅಂದರೆ ಆ ಕಾಲದ ದಕ್ಷಿಣ ಭಾರತದ ಅತಿ ಶ್ರೀಮಂತ ಸೇನೆ ಹತ್ತಿಯನ್ನು ನಂಬಿತ್ತು. ಅದಕ್ಕೆ ಕಬ್ಬಿಣವಿಲ್ಲದ ಬಡತನ ಕಾರಣವಾಗಿರಲಾರದು. ಜಗತ್ತು 'ವೂಟ್ಜ್' ಎಂದು ಕರೆದ ಲೋಹದ ಹೆಸರು ನಮ್ಮ 'ಉಕ್ಕು' ಎಂಬ ಪದದಿಂದಲೇ ಬಂದದ್ದೆಂದು ಹಲವು ವಿದ್ವಾಂಸರ ಮತ. ಉಕ್ಕು ಇದ್ದ ನಾಡು ಮೈಗೆ ಹತ್ತಿ ಹೊದ್ದದ್ದು ಬಿಸಿಲು ತಿಳಿದವರ ಆಯ್ಕೆ. ಪದರ ಪದರವಾಗಿ ಹೊಲಿದ ಬಟ್ಟೆ ಕತ್ತಿಯ ಏಟನ್ನೂ ಬಾಣದ ವೇಗವನ್ನೂ ಕುಗ್ಗಿಸುತ್ತದೆ. ಕಾದ ತಗಡಿನಂತೆ ಮೈಯನ್ನು ಬೇಯಿಸುವುದಿಲ್ಲ.

ನುನಿಜ್ ಇನ್ನೊಂದು ಮಾತು ಹೇಳುತ್ತಾನೆ, ಅದು ನನಗೆ ಬಹಳ ಮುಖ್ಯವೆನಿಸುತ್ತದೆ. ಗುರಾಣಿಯವರ ಗುರಾಣಿ ಎಷ್ಟು ದೊಡ್ಡದೆಂದರೆ ಇಡೀ ಮೈ ಅದರ ಮರೆಯಲ್ಲೇ ಇರುತ್ತಿತ್ತು, ಬೇರೆ ಕವಚದ ಅಗತ್ಯವೇ ಇರಲಿಲ್ಲವಂತೆ. ನಮ್ಮ ವೀರಗಲ್ಲುಗಳಲ್ಲಿ ಬರಿಮೈಯಲ್ಲಿ ನಿಂತ ಯೋಧನನ್ನು ಕಂಡು ಮರುಗುವ ಮುನ್ನ ಅವನ ಎಡಗೈ ನೋಡಬೇಕು. ಹಳಗನ್ನಡ, ನಡುಗನ್ನಡ ಕಾವ್ಯಗಳು 'ಹರಿಗೆ' ಎಂದು ಕರೆಯುವುದು ಆ ಗುರಾಣಿಯನ್ನೇ. ಅವನ ಕವಚ ಕೈಯಲ್ಲಿದೆ.

ಹಾಗೆಂದು ವೀರಗಲ್ಲನ್ನು ಫೋಟೋದಂತೆ ಓದಲೂ ಬಾರದು. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರ ಜತೆ ಪಯಣ, ಮೇಲೆ ದೇವರ ಸನ್ನಿಧಿ. ಕಲ್ಲುಕುಟಿಗ ಕೆತ್ತುತ್ತಿದ್ದುದು ಸ್ವರ್ಗಕ್ಕೆ ಹೊರಟವನ ಮೈಯನ್ನು. ಅವನು ಮೆತ್ತೆಯಂಗಿ ತೊಟ್ಟಿದ್ದರೂ ಶಿಲ್ಪದ ರೂಢಿ ಅದನ್ನು ಬಿಟ್ಟಿರಬಹುದು. ನಮ್ಮ ಮಳೆಗೆ, ಗೆದ್ದಲಿಗೆ ಹತ್ತಿ ಉಳಿಯುವುದೂ ಕಷ್ಟ. ಆದ್ದರಿಂದ ಕಲ್ಲು, ಪ್ರವಾಸಿಯ ಬರಹ, ಕಾವ್ಯದ ಪದಕೋಶ ಮೂರನ್ನೂ ಎದುರುಬದುರು ಇಟ್ಟು ಓದಬೇಕು. ಕುಮಾರವ್ಯಾಸ ಭಾರತದ ರಾವುತರು, ಜೋದರು, ಸಬಳ, ಸುರಗಿ, ಸೀಸಕಗಳ ಜಗತ್ತು ದ್ವಾಪರದ್ದಲ್ಲ, ಅವನ ಕಾಲದ ದಂಡಿನದು. ಆಟ ಮಾಡುವವರಿಗೆ ಅದಕ್ಕಿಂತ ದೊಡ್ಡ ಆಯುಧಶಾಲೆ ಸಿಗಲಾರದು.

ಆಟ ಮಾಡುವವರನ್ನಷ್ಟೇ ದೂರುವುದು ನ್ಯಾಯವೂ ಅಲ್ಲ. ನಮ್ಮ ಕ್ಯಾಲೆಂಡರುಗಳು, ಸಿನಿಮಾಗಳು, ವೃತ್ತದ ಪ್ರತಿಮೆಗಳು ಏನು ಮಾಡುತ್ತಿವೆ? ಅರಸ ಎಂದರೆ ಎದೆಗೊಂದು ಹೊಳೆಯುವ ತಗಡು, ಕೈಗೊಂದು ಉದ್ದನೆಯ ನೇರ ಕತ್ತಿ. ಕೋಟಿ ಚೆನ್ನಯರನ್ನೂ ನಾವು ಹಾಗೆಯೇ ಹುರಿಗೊಳಿಸಲು ಹೊರಡುತ್ತೇವೆ. ತುಳುನಾಡಿನ ಗರಡಿಗಳು ಅವರ ಹೆಸರಿನೊಂದಿಗೆ ಉಳಿಸಿಕೊಂಡು ಬಂದ ಆಯುಧ ಸುರಿಯ. ಹತ್ತಿರ ಹೋಗದೆ ಬಳಸಲಾಗದ ಗಿಡ್ಡ ಕತ್ತಿ. ಎದುರಾಳಿಯ ಉಸಿರು ತಾಗುವಷ್ಟು ಸಮೀಪಕ್ಕೆ ಹೋಗಬೇಕು. ಆ ಧೈರ್ಯದ ಅಳತೆ ಉದ್ದ ಕತ್ತಿಯಿಂದ ಸಿಗುವುದಿಲ್ಲ. ದೊಡ್ಡ ಕತ್ತಿ ಕೊಟ್ಟು ನಾವು ಅವರನ್ನು ದೊಡ್ಡವರನ್ನಾಗಿಸಿದೆವೆಂದುಕೊಳ್ಳುತ್ತೇವೆ, ಆಗುವುದು ತಿರುಗುಮುರುಗು.

ಉಡುಪಿಯಿಂದ ಕಾಪುವಿಗೆ ಹೋಗುವ ದಾರಿಯಲ್ಲಿ ಉದ್ಯಾವರ ಸಿಗುತ್ತದೆ, ಆಳುಪರ ಕಾಲದ ಉದಯಪುರ. ಅಲ್ಲಿನ ಎಂಟನೆಯ ಶತಮಾನದ ಕನ್ನಡ ಶಾಸನಗಳು ರಣಸಾಗರ, ಶ್ವೇತವಾಹನ, ಚಿತ್ರವಾಹನರ ನಡುವಿನ ಅಧಿಕಾರದ ಜಗಳದಲ್ಲಿ ಕಾದಿ ಸತ್ತವರನ್ನು ನೆನೆಯುತ್ತವೆ. ಅದು ದಾಯಾದಿಗಳ ಕಾಳಗ. ಅದರಲ್ಲಿ ಸತ್ತ ಆಳುಗಳು ಅರಸರೇನಲ್ಲ. ಆದರೂ ಊರಿನೊಳಗೆ ನುಗ್ಗಿ ಕಾದಿ ಸ್ವರ್ಗಕ್ಕೆ ಹೋದವನು ಇಂಥವನು ಎಂದು ಅವನ ಹೆಸರು ಹಿಡಿದೇ ಕಲ್ಲು ಹೇಳುತ್ತದೆ. ಆಟದಲ್ಲಿ ಒಬ್ಬ ಸತ್ತರೆ ಆಹಾರ, ಚಿನ್ನ ಕೊಟ್ಟು ಅಂಥವನೇ ಇನ್ನೊಬ್ಬನನ್ನು ತರಬಹುದು. ಕವಚದ ತಪ್ಪನ್ನು ಮುಂದಿನ ಆವೃತ್ತಿ ತಿದ್ದೀತು, ಹತ್ತಿಯಂಗಿಯೂ ಬಂದೀತು. ಈ ತಪ್ಪನ್ನು ಮಾತ್ರ ಆಟ ತಿದ್ದಿಕೊಳ್ಳಲಾರದು.

ಅಕ್ಕನ ಮಗನಿಗೆ ಅದಕ್ಕೇ ಹೇಳಿದೆ: ಆಡು, ಚೆನ್ನಾಗಿಯೇ ಆಡು. ರಜೆಯಲ್ಲೊಂದು ದಿನ ಉದ್ಯಾವರಕ್ಕೂ ಹೋಗಿ ಬಾ. ಮಣಿಪಾಲದಿಂದ ಅರ್ಧ ಗಂಟೆಯ ದಾರಿ.