ವ್ಯಕ್ತಿತ್ವ ವಿಕಾರ

‘ವ್ಯಕ್ತಿತ್ವ ವಿಕಾರ’ವು ಮನೋವೈದ್ಯದ ಪಾರಿಭಾಷಿಕ ಪದ. ಹೊರತೋರುವಿಕೆ ಎಂಬ ಅರ್ಥದ ಸಂಸ್ಕೃತದ ‘ವ್ಯಕ್ತಿ’ಗೆ ಭಾವವಾಚಕ ‘ತ್ವ’ ಸೇರಿ ವ್ಯಕ್ತಿತ್ವವಾದರೆ, ಮೂಲದಲ್ಲಿ ಬದಲಾವಣೆಯನ್ನಷ್ಟೇ ಸೂಚಿಸುತ್ತಿದ್ದ ‘ವಿಕಾರ’ವು ಕನ್ನಡದಲ್ಲಿ ಕುರೂಪದ ಛಾಯೆಯನ್ನೂ ಪಡೆದಿರುವುದರಿಂದ, ರೋಗಿಯ ಎದುರು ‘ಅಸ್ವಸ್ಥತೆ’ ಎನ್ನುವುದೇ ಮೇಲು. 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದ ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಸ್ವಭಾವಕ್ಕೆ ‘ಮಿಜಾಜು’ ಎಂಬ ಮಾತೂ ಉಂಟು. ಉರ್ದುವಿನ ಮೂಲಕ ಬಂದ ಈ ಅರಬ್ಬಿ ಪದದ ಮೂಲಾರ್ಥ ‘ಬೆರಕೆ’ಯಾಗಿದ್ದು, ದೇಹರಸಗಳ ಬೆರಕೆಯೇ ಸ್ವಭಾವವನ್ನು ನಿರ್ಧರಿಸುತ್ತದೆಂಬ ಯುನಾನಿ ವೈದ್ಯದ ತಿಳಿವಳಿಕೆ ಅದರಲ್ಲಿ ಅಡಗಿದೆ. ಆದರೆ ಮಿಜಾಜು ಬಿರುಸಾದವರೆಲ್ಲ ರೋಗಿಗಳಲ್ಲ: ತನ್ನನ್ನು ತಾನು ಕಾಣುವ, ಇತರರೊಡನೆ ಬಾಳುವ ರೀತಿಯಲ್ಲಿನ ತೊಡಕು ವರ್ಷಗಟ್ಟಲೆ ಉಳಿದು ಬದುಕನ್ನೇ ಕೆಡಿಸಿದಾಗ ಮಾತ್ರ ವೈದ್ಯರ ಪದ ಸಲ್ಲುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ 11ನೆಯ ರೋಗವರ್ಗೀಕರಣವು ಹಳೆಯ ಪ್ರಭೇದಗಳಲ್ಲಿ ಹೆಚ್ಚಿನವನ್ನು ಕೈಬಿಟ್ಟು, ತೊಂದರೆಯ ತೀವ್ರತೆಯನ್ನು ಮುಂದಿಟ್ಟಿದೆ. ಚಿಕಿತ್ಸೆಯಲ್ಲಿ ಮುಖ್ಯವಾದುದು ಮನೋಚಿಕಿತ್ಸೆ, ಅಂದರೆ ತಜ್ಞರೊಡನೆ ತಿಂಗಳುಗಟ್ಟಲೆ ನಡೆಯುವ ಕ್ರಮಬದ್ಧ ಮಾತುಕತೆ. ಔಷಧಿ ಬಹುಮಟ್ಟಿಗೆ ಜೊತೆಗೂಡಿದ ಖಿನ್ನತೆ, ಆತಂಕಗಳಿಗೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣುವ ಮೊದಲೇ 14416 ಸಂಖ್ಯೆಯ ‘ಟೆಲಿ ಮಾನಸ್’ ಸಹಾಯವಾಣಿಯಲ್ಲಿ ಕನ್ನಡದಲ್ಲೇ, ಉಚಿತವಾಗಿ ಸಲಹೆ ಪಡೆಯಬಹುದು.